ಯಾರಿಗೆ ಬಾಲೆ?

ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಂದು ಮಗು ಹುಟ್ಟಿತು. ಅಂದರೆ, ಹುಟ್ಟಲಿಲ್ಲ. ಆದರೆ ಹುಟ್ಟಿದೆ, ಇಲ್ಲವೇ ಸದ್ಯದಲ್ಲೇ ಹುಟ್ಟಲಿದೆ, ಮನೆಮಂದಿಯೆಲ್ಲ ಸೇರಿ ಆ ಸುದ್ದಿಯನ್ನು ತನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ನನ್ನ ಅಮ್ಮ ಗಟ್ಟಿಯಾಗಿ ನಂಬಿಬಿಟ್ಟರು.

ತಪ್ಪು ಅಮ್ಮನದ್ದಲ್ಲ. ನನ್ನದೂ ಅಲ್ಲ. ತಪ್ಪೆಲ್ಲ ಸ್ಪ್ಯಾನಿಷ್ ಭಾಷೆಯದ್ದು.

ಹೌದು, ನಾನು ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಯಾಕೆ ಎಂದು ನೀವೂ ಕೇಳಬೇಡಿ. ದೇರೆಬೈಲಿನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕವರೆಲ್ಲ ಕೇಳಿ ಆಗಿದೆ. "ಮಗ ಸ್ಪೇನಿಗೆ ಹೋಗ್ತಾನಾ?" ಇಲ್ಲ. "ಎಕ್ಸ್‌ಪೋರ್ಟ್ ಬಿಸಿನೆಸ್ ಉಂಟಾ?" ಇಲ್ಲ. "ಮತ್ತೆ ಎಂತಕ್ಕೆ ಮಾರಾಯ್ರೆ?" ಸುಮ್ಮನೆ.

ಈ 'ಸುಮ್ಮನೆ'ಯನ್ನು ಯಾರೂ ನಂಬುವುದಿಲ್ಲ. ಐವತ್ತು ದಾಟಿದ ಹೆಂಗಸು ಸುಮ್ಮನೆ ಯೋಗ ಮಾಡಬಹುದು, ಸುಮ್ಮನೆ ಕೇಕ್ ಕಲಿಯಬಹುದು, ಸ್ಪ್ಯಾನಿಷ್ ಮಾತ್ರ ಸುಮ್ಮನೆ ಕಲಿಯಬಾರದು. ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಬಂದರ್‌ನ ಅಂಗಡಿಯಲ್ಲಿ ಬ್ಯಾರಿ, ಆಫೀಸಿನಲ್ಲಿ ಇಂಗ್ಲಿಷ್, ಪ್ರತಿ ವಾರ ನಿಮಗಾಗಿ ಕನ್ನಡ. ಇಷ್ಟನ್ನು ದಿನಾ ಹೊತ್ತು ತಿರುಗುವ ಊರಿನವರಿಗೆ ಇನ್ನೊಂದು ಭಾಷೆ ಭಾರವೇ?

ನಮ್ಮ ಟೀಚರ್ ಹೆಸರು ಡಯಾನಾ. ವಯಸ್ಸಿನಲ್ಲಿ ನನ್ನ ಮಗಳಾಗಬಹುದು, ಗದರುವುದರಲ್ಲಿ ನನ್ನ ಅಜ್ಜಿಯಾಗಬಹುದು. ಕ್ಲಾಸು ಸಂಜೆ, ವಿಡಿಯೋ ಕಾಲ್‌ನಲ್ಲಿ. ವ್ಯಾಕರಣದ ಪುಸ್ತಕವನ್ನು ಆಕೆ ಹೆಚ್ಚು ತೆರೆಯುವುದಿಲ್ಲ. ಅವಳದ್ದೆಲ್ಲ ರೋಲ್ ಪ್ಲೇ. ಇಬ್ಬಿಬ್ಬರ ಜೋಡಿ ಮಾಡುತ್ತಾಳೆ. ಒಬ್ಬರು ಒಪ್ಪಿಸಬೇಕು, ಇನ್ನೊಬ್ಬರು ಒಪ್ಪಬಾರದು. ಸಿಗರೇಟು ಬಿಡದ ಗೆಳೆಯ, ಬಾಡಿಗೆ ಇಳಿಸದ ಮನೆ ಓನರ್, ರಜೆ ಕೊಡದ ಬಾಸ್. ಎದುರಿನವರ ಬಾಯಿಂದ 'ಬಾಲೆ' ಎಂಬ ಒಂದು ಪದ ಹೊರಡಿಸಿದರೆ ನೀವು ಗೆದ್ದಿರಿ.

'ಬಾಲೆ' ಎಂದರೆ ಸ್ಪ್ಯಾನಿಷಿನಲ್ಲಿ 'ಆಯ್ತು, ಒಪ್ಪಿದೆ'. (ಬರೆಯುವಾಗ ಅದು 'ವಾಲೆ'. ಬಾಯಿಗೆ ಬರುವಾಗ 'ಬಾಲೆ'. ಅವರು ವ ಬರೆದು ಬ ಓದುತ್ತಾರೆ.) ನಮ್ಮ ತುಳುವಿನಲ್ಲಿ ಬಾಲೆ ಎಂದರೆ ಎಳೆ ಮಗು. ಈಗ ನಿಮಗೆ ಕತೆ ಎತ್ತ ಹೋಗುತ್ತಿದೆ ಎಂದು ಅಂದಾಜಾಗಿರಬೇಕು.

ನನ್ನ ಜೋಡಿ ವಿನ್ಸೆಂಟ್. ತೊಕ್ಕೊಟ್ಟಿನಲ್ಲಿ ಅವರದ್ದೊಂದು ಬೇಕರಿ ಉಂಟು. ಸ್ಪೇನಿನಲ್ಲಿ ಕಾಲ್ನಡಿಗೆಯ ತೀರ್ಥಯಾತ್ರೆ ಮಾಡಬೇಕೆಂಬುದು ಅವರ ಆಸೆ, ಅದಕ್ಕೇ ಈ ಕ್ಲಾಸು. ಕೌಂಟರಿನ ಹಿಂದೆ ಮೊಬೈಲು ಒರಗಿಸಿಟ್ಟು ಪಾಠಕ್ಕೆ ಕೂರುತ್ತಾರೆ. ಮಧ್ಯೆ ಮಧ್ಯೆ "ಎಗ್ ಪಫ್ಸ್ ಖಾಲಿ, ವೆಜ್ ಉಂಟು" ಎಂದು ಯಾರಿಗೋ ಹೇಳುತ್ತಾರೆ. ಜೀವಮಾನವಿಡೀ ಡಿಸ್ಕೌಂಟ್ ಕೇಳಿದವರಿಗೆ ನಗುನಗುತ್ತಲೇ ಇಲ್ಲ ಎನ್ನುತ್ತಾ ಬಂದ ಮನುಷ್ಯ. ಅವರನ್ನು ಒಪ್ಪಿಸುವುದುಂಟೆ?

ನಾನೋ, ಒಪ್ಪಲಿಕ್ಕೇ ಹುಟ್ಟಿದವಳು. ಬಾಡಿಗೆ ಇಳಿಸದ ಓನರ್ ನಾನಾದ ದಿನ ವಿನ್ಸೆಂಟ್ "ನನಗೆ ಬೆನ್ನುನೋವು" ಎಂದು ಸ್ಪ್ಯಾನಿಷಿನಲ್ಲಿ ಹೇಳಿದ್ದೇ ತಡ, ಬಾಲೆ ಎಂದುಬಿಟ್ಟೆ. ಬೆನ್ನುನೋವಿಗೂ ಬಾಡಿಗೆಗೂ ಎಂತ ಸಂಬಂಧ ಎಂದು ಡಯಾನಾ ಕೇಳಿದಳು. ನನಗೂ ಗೊತ್ತಿರಲಿಲ್ಲ. ಪಾಪ ಅನಿಸಿತ್ತು, ಅಷ್ಟೆ.

ಹೀಗೆ ಸೋಲುತ್ತಾ ಇದ್ದ ನನಗೆ ಡಯಾನಾ ಕೊನೆಗೆ ಬೇರೆಯೇ ಹೋಂವರ್ಕ್ ಕೊಟ್ಟಳು. "ಆಂಟಿ, ನಿಮಗೆ ನಿಜವಾಗಿ ಬೇಕಾದದ್ದನ್ನು ಕೇಳಿ. ನಿಮ್ಮ ಮನೆಯಲ್ಲಿ ಯಾರು ಯಾವುದಕ್ಕೆ ಒಪ್ಪುವುದಿಲ್ಲ? ವಿನ್ಸೆಂಟ್ ಅಂಕಲ್ ಅವರ ಪಾರ್ಟ್ ಮಾಡ್ತಾರೆ. ನೀವು ಒಪ್ಪಿಸಿ."

ನಾನು ಯೋಚಿಸಬೇಕಾಗಿಯೇ ಇರಲಿಲ್ಲ. ಅಮ್ಮ. ಅಮ್ಮನ ಕಿವಿಯ ಮಿಷನ್.

ನನ್ನ ಅಮ್ಮ ನಮ್ಮ ಕುಟುಂಬದ ನ್ಯೂಸ್ ಚಾನೆಲ್ ಆಗಿದ್ದವರು. ಯಾರ ಮನೆಯಲ್ಲಿ ಹೆಣ್ಣು ನೋಡಿದರು, ಯಾರು ಹೊಸ ಹೋಟೆಲಿಗೆ ಜಾಗ ನೋಡುತ್ತಿದ್ದಾರೆ, ಯಾವ ಅತ್ತಿಗೆ ಯಾವ ನಾದಿನಿಯೊಡನೆ ಮಾತು ಬಿಟ್ಟಿದ್ದಾಳೆ, ಎಲ್ಲಕ್ಕೂ ಅವರೇ ಮೂಲ. ಆಮೇಲೆ ಕಿವಿ ಮಂದವಾಯಿತು. ಡಾಕ್ಟರು ಪರೀಕ್ಷೆ ಮಾಡಿದರು, ಒಳ್ಳೆಯ ಮಿಷನ್ ತಂದೆವು. ಅಮ್ಮ ಅದನ್ನು ಒಂದು ದಿನ ಹಾಕಿ, ತೆಗೆದು, ದೇವರ ಕೋಣೆಯ ಡ್ರಾಯರಿನಲ್ಲಿ ಊದುಬತ್ತಿಯ ಪಕ್ಕ ಇಟ್ಟರು. ಅಂದಿನಿಂದ ಅದು ಅಲ್ಲೇ. ನಾನು ಮಾತ್ರ ಆಸೆ ಬಿಡದೆ ಆಗಾಗ ಅದರ ಬ್ಯಾಟರಿ ಬದಲಿಸುತ್ತಿದ್ದೆ.

ಮಿಷನ್ ಇಲ್ಲದ ಅಮ್ಮನಿಗೆ ಇದ್ದದ್ದು ಒಂದೇ ಉತ್ತರ. "ಅಂದ್, ಅಂದ್." ತುಳುವಿನಲ್ಲಿ ಹೌದು ಹೌದು ಎಂದರ್ಥ. ನೀವೆಂತ ಹೇಳಿದರೂ ಅಂದ್ ಅಂದ್. "ಮಳೆ ಬರ್ತದೆ ಅಮ್ಮ" ಎಂದರೂ ಅಂದ್, "ಚಟ್ನಿಗೆ ಉಪ್ಪು ಹಾಕಿದ್ದೀರಾ" ಎಂದರೂ ಅಂದ್ (ಹಾಕಿರುವುದಿಲ್ಲ). ಮದುವೆ ಮನೆಗಳಲ್ಲಿ ಮೂಲೆಯ ಕುರ್ಚಿ ಹಿಡಿದು ಎಲ್ಲರಿಗೂ ಒಂದೇ ಅಳತೆಯ ನಗು ಕೊಟ್ಟು ಕೂರುತ್ತಿದ್ದರು. ಅವರ ಎದುರೇ ನಿಂತು ಜನ "ಅಮ್ಮನಿಗೆ ಕೇಳುವುದಿಲ್ಲ ಅಲ್ವಾ" ಎಂದು ನನ್ನನ್ನು ವಿಚಾರಿಸುತ್ತಿದ್ದರು. ಈಚೆಗೆ ಮದುವೆಗೆ ಹೋಗುವುದನ್ನೇ ಬಿಟ್ಟಿದ್ದರು. ಒಂದೇ ಮನೆಯಲ್ಲಿದ್ದೂ ಅಮ್ಮ ಸ್ವಲ್ಪ ಸ್ವಲ್ಪವೇ ಕೈತಪ್ಪಿ ಹೋಗುತ್ತಿದ್ದಾರೆ ಅನಿಸಿ ನನಗೆ ಹೆದರಿಕೆಯಾಗುತ್ತಿತ್ತು.

ಹೆದರಿಕೆಯಾದಾಗ ನಾವೇನು ಮಾಡುತ್ತೇವೆ? ಬೈಯುತ್ತೇವೆ. "ಎಷ್ಟು ಸಲ ಹೇಳುವುದು ಅಮ್ಮ, ಅಷ್ಟು ಒಳ್ಳೆ ಮಿಷನ್ ಡ್ರಾಯರಿಗೆ ತಂದದ್ದಾ?" ನನ್ನ ಒಪ್ಪಿಸುವಿಕೆಯೆಲ್ಲ ಇದೇ ಧಾಟಿಯದ್ದು. ಬೈಗುಳ ಕೂಡ ಕೇಳಿಸದ ಕಾರಣ ಅದಕ್ಕೂ ಉತ್ತರ, ಅಂದ್ ಅಂದ್.

ಅಂತೂ ಹೋಂವರ್ಕಿನ ಸಂಜೆ ಬಂತು. ಡೈನಿಂಗ್ ಟೇಬಲ್ಲಿನ ಈಚೆ ನಾನು, ಫೋನಿನಲ್ಲಿ ವಿನ್ಸೆಂಟ್, ಆಚೆ ಅಮ್ಮ ಅಲಸಂಡೆ ತುಂಡು ಮಾಡುತ್ತಾ. ಅಮ್ಮನ ವಿಷಯವನ್ನು ಅಮ್ಮನ ಎದುರೇ ಲೌಡ್‌ಸ್ಪೀಕರಿನಲ್ಲಿ ಮಾತಾಡುವ ಸೌಕರ್ಯ ಎಷ್ಟು ಜನಕ್ಕೆ ಉಂಟು?

ವಿನ್ಸೆಂಟ್ ಅಮ್ಮನ ಪಾತ್ರವನ್ನು ಅಮ್ಮನಿಗಿಂತ ಚೆನ್ನಾಗಿ ಮಾಡಿದರು. ಮಿಷನ್ ಹಾಕಿದರೆ ಕುಕ್ಕರಿನ ವಿಸಿಲ್ ತಲೆಯೊಳಗೇ ಕೂಗುತ್ತದಂತೆ. ನೋಡಿದವರು ಮುದುಕಿ ಎನ್ನುತ್ತಾರಂತೆ. ನನ್ನ ವಾದಗಳೆಲ್ಲ ಮುಗಿದಾಗ "ಅ ಬೆರ್" ಎಂದರು. ಹಾಗೆಂದರೆ 'ನೋಡುವ'. ನಮ್ಮ ಊರಿನಲ್ಲಿ ನೋಡುವ ಎಂದರೆ ಆಗುವುದಿಲ್ಲ ಎಂದರ್ಥವಷ್ಟೆ? ಸ್ಪೇನಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಅಂತೆ.

ನನಗೆ ರೇಗಿತು. ಬೈಯೋಣವೆಂದರೆ ಸ್ಪ್ಯಾನಿಷಿನಲ್ಲಿ ಬೈಯಲಿಕ್ಕೆ ಬರುವುದಿಲ್ಲ. ಚುಚ್ಚು ಮಾತು ಗೊತ್ತಿಲ್ಲ. ಹಳೆಯದನ್ನೆಲ್ಲ ಕೆದಕೋಣವೆಂದರೆ ಭೂತಕಾಲದ ಪಾಠ ಇನ್ನೂ ಆಗಿಲ್ಲ. ಇದ್ದ ನಾಲ್ಕು ಪದಗಳಲ್ಲಿ ಹುಡುಕಿ ಹುಡುಕಿ ಒಂದು ವಾಕ್ಯ ಜೋಡಿಸಿದೆ. "ಕಿಯೆರೊ ಆಬ್ಲಾರ್ ಕೊಂತಿಗೊ, ಮಮಾ." ನಿಮ್ಮ ಹತ್ತಿರ ಮಾತಾಡಬೇಕು ಅಮ್ಮ.

ಯಾರೋ ಬ್ರೆಡ್ ಕೇಳಿದ್ದು ಕೇಳಿಸಿತು, ವಿನ್ಸೆಂಟ್ ಅವರನ್ನು ಕಾಯಿಸಿದರು. ಆಮೇಲೆ ಮೆಲ್ಲ ಹೇಳಿದರು. "ಬಾಲೆ. ಬಾಲೆ."

ಗೆದ್ದೆ. ನಾನು ಕುರ್ಚಿಯಿಂದ ಎದ್ದು, ಎರಡೂ ಕೈ ಮೇಲೆತ್ತಿ, ಬಾಲೆ ಬಾಲೆ ಎಂದು ಕುಣಿದದ್ದು ನಿಜ.

ಎದುರಿಗೆ ಅಮ್ಮನ ಕತ್ತಿ ನಿಂತಿತ್ತು. ಅವರ ಕಣ್ಣು ನನ್ನ ತುಟಿಯ ಮೇಲಿತ್ತು. "ಯಾರಿಗೆ ಬಾಲೆ?" ಎಂದು ಕೇಳಿದರು.

"ಯಾರಿಗೂ ಇಲ್ಲ ಅಮ್ಮ," ಎಂದು ಕೂಗಿ, ಕೈ ಅಲ್ಲಾಡಿಸಿ ಹೇಳಿದೆ. ಅಮ್ಮ "ಅಂದ್ ಅಂದ್" ಎಂದರು. ಆದರೆ ಆ ಅಂದ್‌ನಲ್ಲಿ ನಂಬಿಕೆಯ ಲವಲೇಶವೂ ಇರಲಿಲ್ಲ. ನನ್ನ ಅಕ್ಕನ ಮಗಳು ದೀಕ್ಷಾಳಿಗೆ ಮದುವೆಯಾದದ್ದು ಕಳೆದ ವರ್ಷ. ಅಮ್ಮನ ಲೆಕ್ಕಾಚಾರ ಶುರುವಾಗಿತ್ತು. ಮರುದಿನ ತಿಂಡಿಗೆ ಕೂತವರು ಏಕಾಏಕಿ "ದೀಕ್ಷಾ ಈಗ ಸ್ಕೂಟರ್ ಬಿಡ್ತಾಳಾ?" ಎಂದು ಕೇಳಿದರು. ಬಿಡ್ತಾಳೆ ಎಂದೆ. ಬಸುರಿ ಸ್ಕೂಟರ್ ಓಡಿಸುವುದಾ ಎಂಬಂತೆ ನನ್ನನ್ನು ದುರುಗುಟ್ಟಿ ನೋಡಿದರು.

ಮುಂದಿನ ಕ್ಲಾಸಿನ ದಿನ ಅದೇ ರೋಲ್ ಪ್ಲೇಯನ್ನು ಡಯಾನಾಳ ಎದುರು ಮಾಡಿ ತೋರಿಸಬೇಕಿತ್ತು. ಅಮ್ಮ ನನಗಿಂತ ಮೊದಲೇ ಬಂದು ಟೇಬಲ್ಲಿನ ಬಳಿ ಕೂತಿದ್ದರು. ತರಕಾರಿ ಇಲ್ಲ, ಕತ್ತಿ ಇಲ್ಲ. ಸೆಕೆಯಲ್ಲೂ ಸೆರಗನ್ನು ತಲೆಯ ಮೇಲಿಂದ ಹೊದ್ದಿದ್ದರು. ನಾನು ಬಿಸ್ಕೆಟ್ ಪ್ಯಾಕೆಟ್ ಬಿಚ್ಚಿದೆ. ಪ್ಲಾಸ್ಟಿಕ್ಕಿನ ಆ ಚರಚರ ಸದ್ದಿಗೆ ಅಮ್ಮ ತಟ್ಟನೆ ತಿರುಗಿದರು.

ನನ್ನ ಕೈ ಅಲ್ಲೇ ನಿಂತಿತು. ಬಿಸ್ಕೆಟ್ ಪ್ಯಾಕೆಟಿನ ಸದ್ದು ಅಮ್ಮನಿಗೆ ಕೇಳಿಸಿತೇ? ಸೆರಗಿನ ಒಳಗೆ ಎಂತ ಉಂಟು ಎಂದು ನನಗೆ ಗೊತ್ತಾಯಿತು. ಒಂದು ಮಾತು ಆಡಿದರೆ ಎಲ್ಲಿ ತೆಗೆದು ಡ್ರಾಯರಿಗೆ ಹಾಕುತ್ತಾರೋ ಎಂದು ಹೆದರಿ, ಏನೂ ಗೊತ್ತಿಲ್ಲದವಳ ಹಾಗೆ ಫೋನು ಒತ್ತಿದೆ.

ಆವತ್ತು ನಾನು ಸ್ಪ್ಯಾನಿಷ್ ಮಾತಾಡಿದ್ದು ವಿನ್ಸೆಂಟರಿಗಲ್ಲ. ವ್ಯಾಕರಣ ಎಕ್ಕುಟ್ಟಿ ಹೋಯಿತು, ಹೋಗಲಿ. ಕೊನೆಗೆ ಕಿಯೆರೊ ಆಬ್ಲಾರ್ ಕೊಂತಿಗೊ ಎಂದೆ, ವಿನ್ಸೆಂಟ್ ಬಾಲೆ ಎಂದರು.

"ಕುಡೊರ ಪಣ್," ಎಂದಿತು ಒಂದು ದನಿ.

ಇನ್ನೊಮ್ಮೆ ಹೇಳು. ಓದುಗರೇ, ಕಿವಿ ಮಂದವಾದ ಮೇಲೆ ಅಮ್ಮ ಯಾರಿಗೂ ಹೇಳದ ಮಾತು ಅದು. ಇನ್ನೊಮ್ಮೆ ಹೇಳು ಎಂದರೆ ಕೇಳಿಸಲಿಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ, ಅದಕ್ಕೇ ಅಂದ್ ಅಂದ್‌ನ ಹಿಂದೆ ಅಡಗಿದ್ದರು. ಈಗ ಫೋನಿನ ಕಡೆಗೆ ಬಾಗಿ ಕೇಳುತ್ತಿದ್ದರು. "ನೀವೇ, ಪೊರ್ಬುಗಳೇ. ಇನ್ನೊಮ್ಮೆ ಹೇಳಿ. ಯಾರಿಗೆ ಬಾಲೆ?" (ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ತುಳುವರು ಹಾಗೇ ಕರೆಯುವುದು.)

ಬೇಕರಿಯಲ್ಲಿ ವಿನ್ಸೆಂಟ್ ನಕ್ಕ ರಭಸಕ್ಕೆ ಅವರ ಮೊಬೈಲು ಜಾರಿ ಬಿತ್ತು. ಮತ್ತೆ ಅದನ್ನೆತ್ತಿ ತುಳುವಿನಲ್ಲೇ ಬಿಡಿಸಿ ಹೇಳಿದರು. ಯಾರಿಗೂ ಮಗು ಹುಟ್ಟಿಲ್ಲ, ಇದು ಬೇರೆ ಭಾಷೆಯ ಬಾಲೆ, ಹಾಗೆಂದರೆ ಆಯ್ತು ಎಂದರ್ಥ, ತಾನು ಈಗ ಅಮ್ಮನ ವೇಷ ಹಾಕಿದ್ದೇನೆ ಎಂದು.

"ಹಾಗಾದ್ರೆ ನೀವು ನಾನಾ?" ಅಮ್ಮ ಕೇಳಿದರು.

"ಹೌದಮ್ಮ. ಕಿವಿಗೆ ಮಿಷನ್ ಹಾಕುವುದಿಲ್ಲ ಅಂತ ಹಟ ಮಾಡ್ತಾ ಇದ್ದೆ."

"ಮತ್ತೆ ಯಾಕೆ ಒಪ್ಪಿದ್ದು? ನಾನು ಅಷ್ಟು ಬೇಗ ಒಪ್ಪುವವಳಲ್ಲ. ಇವಳು ಎಂತ ಹೇಳಿದ್ಳು?"

"ಅದನ್ನು ನಿಮ್ಮ ಮಗಳತ್ರವೇ ಕೇಳಿ," ಎಂದರು ವಿನ್ಸೆಂಟ್.

ನಾನು ನಮ್ಮ ಭಾಷೆಯಲ್ಲಿ ಹೇಳಿದೆ. "ನಿಮ್ಮ ಹತ್ತಿರ ಮಾತಾಡಬೇಕು ಅಂತ ಹೇಳಿದ್ದು ಅಮ್ಮ. ಅಷ್ಟೆ." ಹೇಳುವಾಗ ಸ್ಪ್ಯಾನಿಷಿಗಿಂತ ಹೆಚ್ಚು ತೊದಲಿದೆ.

ಅಮ್ಮ ಸೆರಗು ಕೆಳಗಿಳಿಸಿದರು. ಕಿವಿಯಲ್ಲಿ ಮಿಷನ್ ಸರಿಯಾಗಿಯೇ ಕೂತಿತ್ತು. "ಇದನ್ನು ಹೇಳಲಿಕ್ಕೆ ಅಷ್ಟು ದೂರದ ಭಾಷೆ ಕಲಿಬೇಕಿತ್ತಾ ಮಗಾ? ನೀವೆಲ್ಲ ನನ್ನತ್ರ ಹೇಳುವುದು ಎರಡೇ. ಊಟ ಆಯ್ತಾ, ಮಾತ್ರೆ ತಗೊಂಡ್ರಾ. ಬಾಯಿ ತೆರೆಯುವ ಮೊದಲೇ ನಂಗೆ ಗೊತ್ತಾಗ್ತದೆ. ಅದನ್ನು ಕೇಳಲಿಕ್ಕೆ ಮಿಷನ್ ಯಾಕೆ? ಮೊನ್ನೆ ನೀನು ಕುಣಿದಾಗ ಮಾತ್ರ ಎಂತ ಹೇಳ್ತಿ ಅಂತ ಗೊತ್ತಾಗ್ಲಿಲ್ಲ."

ನಾನು ಕುರ್ಚಿಯನ್ನು ಅಮ್ಮನ ಹತ್ತಿರಕ್ಕೆ ಎಳೆದುಕೊಂಡೆ.

"ಇನ್ನು ದಿನಾ ಹಾಕ್ತೀರಾ?" ಎಂದು ಕೇಳಿದೆ.

ಅಮ್ಮ ಫೋನನ್ನು ನೋಡಿದರು, ನನ್ನನ್ನು ನೋಡಿದರು. "ಬಾಲೆ," ಎಂದರು. ಉಚ್ಚಾರ ನನ್ನದಕ್ಕಿಂತ ಸರಿಯಾಗಿದೆ ಎಂದು ಡಯಾನಾ ಕೂಡಲೇ ತೀರ್ಪು ಕೊಟ್ಟಳು.

ಮೊನ್ನೆ ಭಾನುವಾರ ಅಮ್ಮ ಬಹಳ ಕಾಲದ ನಂತರ ಒಂದು ಮದುವೆಗೆ ಬಂದರು. ಮೂಲೆಯ ಕುರ್ಚಿ ಬಿಟ್ಟು ನಡುವಿನದ್ದು ಹಿಡಿದರು. ಊಟ ಮುಗಿಯುವಾಗ ಕುಟುಂಬದ ಅಷ್ಟೂ ಸುದ್ದಿ ಅವರ ಕೈಯಲ್ಲಿತ್ತು, ಮನೆ ಮುಟ್ಟುವಾಗ ನನ್ನ ಕಿವಿ ದಣಿದಿತ್ತು. ಇಷ್ಟು ಸಂತೋಷದ ದಣಿವು ನನಗೆ ಈಚೆಗೆ ಆದದ್ದಿಲ್ಲ. ಕ್ಲಾಸಿಗೂ ಅವರು ಹಾಜರು. ಒಪ್ಪದವರ ಪಾತ್ರ ತನಗೇ ಬೇಕಂತೆ. ವಿನ್ಸೆಂಟ್ ಇನ್ನೂ ಅವರನ್ನು ಗೆದ್ದಿಲ್ಲ.

ನಿಮ್ಮ ಮನೆಯಲ್ಲೂ ಕಿವಿ ಕೇಳದವರು ಒಬ್ಬರಿರಬಹುದು. ಅವರಿಗೆ ಕೇಳಿಸುವುದಿಲ್ಲ ಎಂದು ದೂರುವ ಮೊದಲು ಹೇಳಿ: ಊಟ, ಮಾತ್ರೆ ಬಿಟ್ಟು ಬೇರೊಂದು ಮಾತನ್ನು ಅವರಿಗೆ ನೀವು ಹೇಳಿ ಎಷ್ಟು ದಿನವಾಯಿತು?