ಸೇವಾ ಕ್ಲಬ್ಬಿನ ಬಿಸಿಬೇಳೆ ಬಾತು

ಊರಿಗೆ ಊರೇ ಭಾನುವಾರ ಬರಲಿ ಅಂತ ಕಾಯುತ್ತಿದ್ದ ಕಾಲದಲ್ಲಿ, ಭಾನುವಾರ ಕಂಡರೆ ಆಗದ ಹುಡುಗಿ ನಾನೊಬ್ಬಳೇ ಇದ್ದೆನೇನೋ. ಎಪ್ಪತ್ತರ ದಶಕದ ನಡುವಿನ ಮಾತು. ಅಪ್ಪ ಮಳವಳ್ಳಿಯಲ್ಲಿ ಬಡ ಹುಡುಗರ ಹಾಸ್ಟೆಲ್ಲೊಂದಕ್ಕೆ ವಾರ್ಡನ್ ಆಗಿದ್ದರು. ಹಾಸ್ಟೆಲ್ಲಿನ ಹಿಂದಿನ ಎರಡು ಕೋಣೆಯೇ ನಮ್ಮ ಮನೆ. ನಲವತ್ತು ಹುಡುಗರ ನಡುವೆ ಹತ್ತು ವರ್ಷದ ನಾನೊಬ್ಬಳೇ ಹುಡುಗಿ. ಬುಗುರಿಯನ್ನು ಅಂಗೈ ಮೇಲೆ ಆಡಿಸುವುದನ್ನೂ, ಹುಣಸೇಕಾಯಿಗೆ ಗುರಿಯಿಟ್ಟು ಕಲ್ಲು ಹೊಡೆಯುವುದನ್ನೂ ಅವರಿಂದಲೇ ಕಲಿತೆ. ಸೌದೆ ಹೊಗೆ, ತಳ ಹತ್ತಿದ ರಾಗಿ ಮುದ್ದೆ, ಹುರುಳಿ ಸಾರು, ಇಷ್ಟೇ ನಮ್ಮ ಮನೆಯ ವಾಸನೆ. ಅದರ ಮೇಲೆ ನನಗೇನೂ ಬೇಸರವಿರಲಿಲ್ಲ.

ಬೇಸರ ತಂದದ್ದು ಊರಿನ ಸೇವಾ ಕ್ಲಬ್ಬು. ಅಕ್ಕಿ ಗಿರಣಿಯವರು, ಬೆಲ್ಲದ ಮಂಡಿಯವರು, ಇಬ್ಬರು ವಕೀಲರು, ಒಬ್ಬ ಡಾಕ್ಟರು, ಹೀಗೆ ದೊಡ್ಡವರೆಲ್ಲ ಅದರ ಸದಸ್ಯರು. ಶನಿವಾರ ಸಂಜೆ ಎದೆಗೆ ಬಿಲ್ಲೆ ಚುಚ್ಚಿಕೊಂಡು ಸೇರುತ್ತಿದ್ದರು. ಅಧ್ಯಕ್ಷರು ಹಿತ್ತಾಳೆ ಗಂಟೆ ಒಂದು ಸಲ ಹೊಡೆದರೆ ಸಭೆ, ಇನ್ನೊಂದು ಸಲ ಹೊಡೆದರೆ ಊಟ. ಸೇವೆಯೇ ಮಾಡಲಿಲ್ಲ ಅಂದರೆ ತಪ್ಪಾಗುತ್ತದೆ. ಒಮ್ಮೆ ನಮ್ಮ ಹಾಸ್ಟೆಲ್ಲಿಗೇ ಬಂದು ಹುಡುಗರಿಗೆಲ್ಲ ಅರ್ಧರ್ಧ ಸೋಪು ಹಂಚಿದರು. ಊಟಕ್ಕೆ ಮುಂಚೆ ಕೈ ಹೇಗೆ ತೊಳೆಯಬೇಕು ಅಂತ ಡಾಕ್ಟರು ಮುಕ್ಕಾಲು ಗಂಟೆ ಭಾಷಣ ಮಾಡಿದರು. ನಮ್ಮ ಬಾವಿ ಬತ್ತಿ ಹದಿನೈದು ದಿನವಾಗಿತ್ತು. ಆ ಮಾತು ಯಾರೂ ಎತ್ತಲಿಲ್ಲ. ಒಣ ಸೋಪು ಹಿಡಿದು ನಿಂತ ಹುಡುಗರ ಪಕ್ಕದಲ್ಲಿ ಫೋಟೊ ತೆಗೆಸಿಕೊಂಡು, ಕಾರು ಹತ್ತಿ ಹೊರಟುಹೋದರು. ಥೂ, ಆ ಕಾರಿನ ಧೂಳು ಇನ್ನೂ ನನ್ನ ಮೂಗಿನಲ್ಲಿದೆ.

ಶನಿವಾರ ಅವರು ಉಂಡು ಮಿಕ್ಕಿದ್ದು ಭಾನುವಾರ ಬೆಳಿಗ್ಗೆ ನಮ್ಮಲ್ಲಿಗೆ ಬರುತ್ತಿತ್ತು. ಕ್ಲಬ್ಬಿನ ಜವಾನ ನಂಜ ದೊಡ್ಡ ತಪ್ಪಲೆಯನ್ನು ತಲೆ ಮೇಲೆ ಹೊತ್ತು ತರುತ್ತಿದ್ದ. ಅವರ ವರದಿಯಲ್ಲಿ ಇದರ ಹೆಸರು ‘ಅನ್ನಸೇವೆ’. ಚಳಿಗಾಲದಲ್ಲಿ ಹೇಗೋ ನಡೆಯುತ್ತಿತ್ತು, ಹುಡುಗರೂ ಆಸೆಪಟ್ಟು ತಿನ್ನುತ್ತಿದ್ದರು. ಶಿವರಾತ್ರಿ ಕಳೆದು ಬಿಸಿಲು ಏರಿತೋ, ಮುಚ್ಚಳ ತೆಗೆದರೆ ಸಾಕು, ಹುಳಿ ನಾತ ಮುಖಕ್ಕೆ ಹೊಡೆಯುತ್ತಿತ್ತು. ಬಾತಿನ ಮೇಲೆ ಸಣ್ಣ ಸಣ್ಣ ಗುಳ್ಳೆ. ಸೌಟು ಹಾಕಿ ಎತ್ತಿದರೆ ಲೋಳೆ ನೂಲು ನೂಲಾಗಿ ಇಳಿಯುತ್ತಿತ್ತು. ಆದರೂ ಅವತ್ತು ಹಾಸ್ಟೆಲ್ಲಿನಲ್ಲಿ ಬೇರೆ ಅಡಿಗೆ ಇಲ್ಲ. ದೊಡ್ಡವರು ಕಳಿಸಿದ್ದಾರಲ್ಲ!

ಇದಕ್ಕೊಂದು ವಂದನಾ ಪತ್ರ ಬೇರೆ. ನನ್ನ ಅಕ್ಷರ ದುಂಡಗಿದೆ ಅಂತ ಅಪ್ಪ ನನ್ನ ಕೈಯಲ್ಲೇ ಬರೆಸುತ್ತಿದ್ದರು, ಅದು ಕ್ಲಬ್ಬಿನವರಿಗೂ ಗೊತ್ತಿತ್ತು. ಪ್ರತಿ ವಾರ ಅದೇ ವಾಕ್ಯ: ‘ತಾವು ಕಳುಹಿಸಿದ ರುಚಿಕರವಾದ ಭೋಜನವನ್ನು ಸ್ವೀಕರಿಸಿ ಕೃತಾರ್ಥರಾದೆವು.’ ಕೃತಾರ್ಥ ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಮುಂದಿನ ಶನಿವಾರ ಕಾರ್ಯದರ್ಶಿಗಳು ಅದನ್ನು ಸಭೆಯಲ್ಲಿ ಓದುತ್ತಿದ್ದರು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಆ ಬೇಸಿಗೆಯ ಒಂದು ಭಾನುವಾರ ಬಾತು ತಿಂದ ಏಳು ಹುಡುಗರಿಗೆ ವಾಂತಿ ಹತ್ತಿಕೊಂಡಿತು. ಅವರಲ್ಲಿ ಬಸರಾಳು ಕಡೆಯ ಪುಟ್ಟಮಾದನೂ ಒಬ್ಬ. ನನ್ನ ವಯಸ್ಸಿನವನೇ, ನನಗೆ ಬುಗುರಿ ಕಲಿಸಿದವನು. ಸಂಜೆ ನಾನು ಪತ್ರ ಬರೆಯಲು ಕೂತಾಗ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ಕೇಳಿದ:

“ಏನಂತ ಬರೀತಿದ್ದೀಯ ಸಾವಿತ್ರವ್ವ?”

ಓದಿ ಹೇಳಿದೆ.

“ರುಚಿಯಾಗಿತ್ತು ಅಂತ್ಲಾ? ಅಳಸೋಗಿತ್ತಲ್ಲವ್ವಾ! ಅವ್ರಿಗೆ ಗೊತ್ತಾಗ್ನಿಲ್ಲ ಅಂತ ಕಾಣ್ತದೆ. ಬರ್ದ್ಬುಡು, ಬರೋ ವಾರ ಚೆಂದಾಗಿರೋದ್ನ ಕಳುಸ್ತಾರೆ.”

ನನಗೂ ಅದೇ ಸರಿ ಅನ್ನಿಸಿತು. ಪಾಪ, ಅವರಿಗೆ ಗೊತ್ತಿಲ್ಲ, ತಿಳಿಸಿದರೆ ಸರಿಹೋಗುತ್ತದೆ. ಬೇರೆ ವಾಕ್ಯ ಕಟ್ಟಲು ಬರುತ್ತಿರಲಿಲ್ಲವಾದ್ದರಿಂದ ಒಂದೇ ಒಂದು ಪದ ಬದಲಾಯಿಸಿದೆ. ‘ತಾವು ಕಳುಹಿಸಿದ ಹಳಸಿದ ಭೋಜನವನ್ನು ಸ್ವೀಕರಿಸಿ ಕೃತಾರ್ಥರಾದೆವು.’ ಅಪ್ಪ ಓದದೆಯೇ ಸಹಿ ಹಾಕಿದರು.

ಮುಂದಿನ ಭಾನುವಾರ ನಂಜ ಬರಿಗೈಯಲ್ಲಿ ಬಂದ. ಬಾಗಿಲಲ್ಲೇ ನಿಂತು ಅಮ್ಮನಿಗೆ ಹೇಳಿದ:

“ಕಾರ್ಯದರ್ಸಿಗೋಳು ಗಡಗಡ ಓದ್ಬುಟ್ರು ಕಣಮ್ಮ, ಎಲ್ಲಾರೂವೆ ಚಪ್ಪಾಳೆ ತಟ್ಟುದ್ರು. ಆಮ್ಯಾಕೆ ಡಾಕ್ಟ್ರು ಕಿಸಕ್ ಅಂತ ನಕ್ರು ನೋಡಿ, ಆಗ್ಲೇ ಎಲ್ಲಾರ್ಗೂ ಗೊತ್ತಾಗಿದ್ದು. ಅಧ್ಯಕ್ಸರು ಕೆಂಡ ಆಗವ್ರೆ. ಬರೋ ಸನಿವಾರ ವಾರ್ಡನ್ನು ಮಗಳ್ನ ಕರ್ಕಂಡು ಬರ್ಬೇಕಂತೆ.”

ಅಪ್ಪ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಅಮ್ಮನಿಗೆ ಕೇಳಿಸದ ಹಾಗೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, “ನಿಮ್ಮಮ್ಮಂಗೆ ದಿನ ತುಂಬ್ತಾ ಅದೆ. ಅವ್ರು ಮೇಲಿನೋರ್ಗೆ ಒಂದು ಮಾತು ಏಳುದ್ರೆ ನಂಗೆ ವರ್ಗ. ಇಂಥ ಟೇಮಲ್ಲಿ ಎಲ್ಲಿಗೆ ಓಗನ ಏಳು?” ಅಂದರು. ಅಪ್ಪ ಹೆದರಿದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ. ನನಗೆ ಅವರ ಮೇಲೆ ಮರುಕ ಬರಬೇಕಿತ್ತು, ಬಂದದ್ದು ಅಸಹ್ಯ.

ಶನಿವಾರ ಸಂಜೆ ಹೋದೆವು. ಬಿಲ್ಲೆ ಚುಚ್ಚಿಕೊಂಡ ಅಷ್ಟೂ ಜನ ನಮ್ಮನ್ನೇ ನೋಡುತ್ತಿದ್ದರು. ಅಪ್ಪ ಕೈಮುಗಿದು ನಿಂತೇ ಇದ್ದರು, ಕೂತುಕೊಳ್ಳಿ ಅಂತ ಒಬ್ಬರೂ ಅನ್ನಲಿಲ್ಲ. ಅಧ್ಯಕ್ಷರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ತಲೆ ಸವರಿದರು. ಒಳಗಿನಿಂದ ಒಂದು ತಟ್ಟೆ ತರಿಸಿದರು. ಹಬೆಯಾಡುವ ಬಿಸಿಬೇಳೆ ಬಾತು, ಮೇಲೆ ತುಪ್ಪ, ಕೆಂಪಗೆ ಹುರಿದ ಗೋಡಂಬಿ.

“ಹೆದರಬೇಡ ಮಗು, ತಿಂದು ನೋಡಿ ಸತ್ಯ ಹೇಳು. ಹಳಸಿದೆಯಾ?”

ಒಂದು ತುತ್ತು ತಿಂದೆ. ಆಗ ತಾನೇ ಒಲೆಯಿಂದ ಇಳಿಸಿದ ಅನ್ನ ಹಳಸುವುದುಂಟೇ? “ಇಲ್ಲ” ಅಂದೆ.

“ಗಟ್ಟಿಯಾಗಿ ಹೇಳು, ಎಲ್ಲರಿಗೂ ಕೇಳಲಿ.”

“ಹಳಸಿಲ್ಲ, ಚೆನ್ನಾಗಿದೆ.”

ಚಪ್ಪಾಳೆ ಬಿತ್ತು. ದೂರು ಆಧಾರವಿಲ್ಲದ್ದು ಅಂತ ಕಾರ್ಯದರ್ಶಿಗಳು ಪುಸ್ತಕದಲ್ಲಿ ಬರೆದುಕೊಂಡರು. ಇದು ಎರಡು ವಾರದ ಹಿಂದಿನ ಬಾತಲ್ಲ ಅನ್ನುವುದು ಅಲ್ಲಿದ್ದ ವಕೀಲರಿಬ್ಬರಿಗೂ ಹೊಳೆಯಲಿಲ್ಲ! ಅವರನ್ನು ಬಯ್ಯುವುದು ಸುಲಭ. ನನಗೆ ಇವತ್ತಿಗೂ ಹೇಸಿಗೆಯಾಗುವುದು ಆಮೇಲೆ ನಾನು ಮಾಡಿದ್ದಕ್ಕೆ. ಒಂದು ತುತ್ತಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅಷ್ಟು ರುಚಿಯಾದ್ದನ್ನು ನಾನು ಅಲ್ಲಿಯವರೆಗೆ ತಿಂದೇ ಇರಲಿಲ್ಲ. ಅಪ್ಪ ಪಕ್ಕದಲ್ಲಿ ಕೈಮುಗಿದು ನಿಂತಿರುವಾಗಲೇ ತಟ್ಟೆ ಖಾಲಿ ಮಾಡಿದೆ, ಬೆರಳು ನೆಕ್ಕಿದೆ. ಇನ್ನಷ್ಟು ಹಾಕಲಾ ಅಂತ ಕೇಳಿದರೆ ಹೂಂ ಅಂತಲೂ ಅಂದೆ.

ಮಾರನೆಯ ಬೆಳಿಗ್ಗೆ ನಂಜ ತಪ್ಪಲೆ ತಂದು ಇಳಿಸಿದ. ಅದೇ ಬಾತು, ಅದೇ ಗೋಡಂಬಿ. ಇಡೀ ರಾತ್ರಿಯ ಸೆಕೆಗೆ ಗುಳ್ಳೆ ಎದ್ದು ಗಬ್ಬು ನಾರುತ್ತಿತ್ತು. ಹುಡುಗರು ಸಾಲಿನಲ್ಲಿ ಕೂತಿದ್ದರು, ಒಬ್ಬನೂ ತಟ್ಟೆ ಚಾಚಲಿಲ್ಲ. ಅಪ್ಪ ಯಾರ ಮುಖವನ್ನೂ ನೋಡದೆ, “ಉಣ್ರಪ್ಪ, ಚೆನ್ನಾಗದೆ. ಸಾವಿತ್ರೀನೇ ತಿಂದು ಬಂದವಳೆ, ಬೇಕಾದ್ರೆ ಕೇಳಿ” ಅಂದರು.

ಪುಟ್ಟಮಾದ ನನ್ನ ಕಡೆ ತಿರುಗಿದ. ವಾಂತಿ ಮಾಡಿಕೊಂಡು ಸೊರಗಿದ್ದವನ ಮುಖ ಇನ್ನೂ ಸರಿಹೋಗಿರಲಿಲ್ಲ.

“ನೀ ತಿಂದ್ಯವ್ವ?”

“ಹೂಂ.”

“ಚೆಂದಾಗಿತ್ತಾ?”

ಅಪ್ಪ ನನ್ನನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ಅಮ್ಮ ತುಂಬಿದ ಹೊಟ್ಟೆ ಹೊತ್ತು ನಿಂತಿದ್ದಳು. “ಚೆಂದಾಗಿತ್ತು” ಅಂದೆ. ಅದು ಸುಳ್ಳೂ ಆಗಿರಲಿಲ್ಲ, ಅದೇ ಅದರ ಹೊಲಸು.

“ಅಂಗಾದ್ರೆ ಸರಿ ಬುಡು, ನನ್ ಮೂಗ್ಗೇ ಏನೋ ಆಗದೆ” ಅಂದವನೇ ತಟ್ಟೆ ಚಾಚಿದ. ಅವನನ್ನು ನೋಡಿ ಉಳಿದವರೂ ಚಾಚಿದರು.

ಅಪ್ಪನಿಗೆ ವರ್ಗವಂತೂ ತಪ್ಪಲಿಲ್ಲ. ತಮ್ಮ ಹುಟ್ಟಿ ತಿಂಗಳಾಗುವ ಮುಂಚೆಯೇ ಆರ್ಡರು ಬಂದು, ಸಾಮಾನು ಕಟ್ಟಿಕೊಂಡು ಮದ್ದೂರಿನ ಬಸ್ಸು ಹತ್ತಿದೆವು. ಆ ಹುಡುಗರನ್ನು ಮತ್ತೆ ನೋಡಲಿಲ್ಲ. ಆಮೇಲೆ ನಾನು ಟೀಚರ್ ಕೆಲಸ ಮಾಡಿದೆ, ಸಂಸಾರ ಮಾಡಿದೆ, ಗಂಡ ಮಕ್ಕಳಿಗೆ ಎಷ್ಟೋ ಮಾತು ಹೇಳಿದೆ. ಕೇಳಿದವರುಂಟು, ವಾದ ಮಾಡಿದವರುಂಟು. ನನ್ನ ಒಂದು ಮಾತಿಗೆ ತಮ್ಮ ಮೂಗೇ ಸರಿಯಿಲ್ಲ ಅಂದುಕೊಂಡವರು ಮಾತ್ರ ಇನ್ನೊಬ್ಬರು ಸಿಗಲಿಲ್ಲ. ಸಿಕ್ಕಿದ್ದ ಒಬ್ಬನಿಗೆ ನಾನು ಹಳಸಿದ ಅನ್ನ ತಿನ್ನಿಸಿದೆ.