ಐಸಿನ ತೂಕ

ಈಗಲೂ ಬಸ್ಸು ಏರುದಾರಿ ಹತ್ತುವಾಗ ನನ್ನ ಎರಡೂ ಕೈಗಳು ತಾವಾಗಿಯೇ ಮುಂದಿನ ಸೀಟನ್ನು ತಳ್ಳತೊಡಗುತ್ತವೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಬಿ.ಎಸ್ಸಿ. ಮುಗಿಸಿ ತುಮಕೂರಿನಿಂದ ಚೆನ್ನೈಗೆ ಬಂದವನು ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ಒಂದೇ ಒಂದು ವಿಮಾನವಿದ್ದ ಕಂಪನಿಯಲ್ಲಿ ಲೋಡ್ ಶೀಟ್ ಬರೆಯುವ ಕೆಲಸಕ್ಕೆ ಸೇರಿದ್ದೆ. ಒಂದೇ ಎಂಜಿನ್ನು, ಮೈಮೇಲೆ ಕೂತ ರೆಕ್ಕೆ, ಮಡಚಲಾಗದ ಚಕ್ರ. ಸೀಟು ಹಾಕಿದರೆ ವ್ಯಾನು, ಕಳಚಿದರೆ ಲಾರಿ. ಕಾಸಿಮೇಡಿನ ಮೀನು ಬಂದರಿನಲ್ಲಿ ಹರಾಜಾದ ಮೀನನ್ನು ಒಳನಾಡಿನ ಹೋಟೆಲುಗಳಿಗೆ ಒಯ್ಯುತ್ತಿತ್ತು.

ಇಂಥ ಸಣ್ಣ ವಿಮಾನಕ್ಕೆ ಭಾರ ಎಷ್ಟು ಎಂಬಷ್ಟೇ ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಬಾಲದ ಕಡೆ ಹೆಚ್ಚಾದರೆ ಮೂಗು ಮೇಲೇಳುತ್ತದೆ. ಮೂಗು ಅತಿಯಾಗಿ ಎದ್ದರೆ ರೆಕ್ಕೆಗೆ ಗಾಳಿಯ ಆಸರೆ ತಪ್ಪುತ್ತದೆ. ಆ ಲೆಕ್ಕವೇ ಲೋಡ್ ಶೀಟು.

ಕಾಸಿಮೇಡಿನಲ್ಲಿ ಮೀನು ತೂಗಿ ಚೀಟಿ ಕೊಟ್ಟ ಮೇಲೆಯೇ ಪೆಟ್ಟಿಗೆಗೆ ಐಸ್ ಸುರಿಯುತ್ತಾರೆ. ನಮ್ಮ ಮ್ಯಾನೇಜರು ಆ ಚೀಟಿಯ ತೂಕವನ್ನೇ ನನ್ನಿಂದ ಬರೆಸುತ್ತಿದ್ದರು. ಮೂರು ತಲೆಮಾರಿನಿಂದ ಮದರಾಸಿನಲ್ಲಿದ್ದ ಕನ್ನಡದ ಮನೆಯವರು.

"ಸಾರ್, ಐಸೂ ಸೇರಿಸಿ ತೂಗೋಣ" ಎಂದಿದ್ದೆ.

"ಐಸ್ ಕರಗಿ ತಣ್ಣಿ ಆಗೋಗತ್ತಪ್ಪಾ! ಇಳಿಯೋವಾಗ ಇಲ್ಲದ್ದಕ್ಕೆ ಏರೋವಾಗ ಏನು ತೂಕ? ಬಿ.ಎಸ್ಸಿ. ಬೇರೆ ಓದಿದೀಯ! ಸೀಕ್ರಂ ಸೈನ್ ಹಾಕು, ಕಣ್ಣಾ."

ಹಾಕಿದೆ. ಮೂರು ವಾರ ದಿನವೂ ಹಾಕಿದೆ.

ಆ ಬೆಳಿಗ್ಗೆ ಸೆಕೆ ಹೆಚ್ಚೆಂದು ಐಸ್ ದುಪ್ಪಟ್ಟು ಸುರಿದಿದ್ದರು. ಪೆಟ್ಟಿಗೆಗಳು ಬಾಲದವರೆಗೂ ತುಂಬಿದ್ದವು. ಮಾಲು ಒಪ್ಪಿಸಲು ನಾನೂ ಹೊರಟು ಪೈಲಟ್ ಪಕ್ಕ ಕೂತಿದ್ದೆ. ನೆಲ ಬಿಟ್ಟದ್ದೇ ತಡ, ಮೂಗು ಏಳತೊಡಗಿತು, ಏಳುತ್ತಲೇ ಹೋಯಿತು. ಎದುರಿನ ಗಾಜಿನಲ್ಲಿ ಊರಿಲ್ಲ, ಬರೀ ಆಕಾಶ. ಕರಗಿದ ನೀರು ಹಿಂದಕ್ಕೆ ಹರಿಯುವ ಸದ್ದು. ಎಚ್ಚರಿಕೆಯ ಹಾರ್ನು ಕಿರುಚಿತು.

"ತಳ್ಳುಪ್ಪಾ! ತಳ್ಳು!" ಪೈಲಟ್ ಕೂಗಿದರು. ಎಳೆದರೆ ಮೂಗು ಏಳುವ, ತಳ್ಳಿದರೆ ಇಳಿಯುವ ಹಿಡಿಕೆ ಅದು; ನನ್ನೆದುರಿನ ಅದರ ಜೋಡಿಗೆ ಎದೆ ಕೊಟ್ಟು ತಳ್ಳಿದೆ. ಇಬ್ಬರ ಬಲಕ್ಕೂ ಅದು ಬೆರಳಷ್ಟೇ ಜಗ್ಗಿತು. ಕೆಳಗೆ ಒಣಹಾಕಿದ್ದ ಬಟ್ಟೆಗಳ ಬಣ್ಣ ಕಾಣುತ್ತಿತ್ತು. ಹೇಗೋ ಸುತ್ತು ಹೊಡೆದು ಇಳಿಸಿದರು. ಇಳಿದವರು ಚಕ್ರಕ್ಕೆ ಒರಗಿ ವಾಂತಿ ಮಾಡಿಕೊಂಡರು.

ಮಧ್ಯಾಹ್ನವೇ ತನಿಖೆಯ ಅಧಿಕಾರಿ ಬಂದರು. ಅವರ ಮುಂದೆ ಮ್ಯಾನೇಜರು ನಗುತ್ತಾ, "ಪೈಲಟ್‌ಗೆ ವಯಸ್ಸಾಯ್ತು ಸಾರ್, ಜಾಸ್ತಿ ಎಳೆದ್ಬಿಟ್ರು" ಎಂದರು. ಅಧಿಕಾರಿ ಪೈಲಟ್ಟರ ಲೈಸೆನ್ಸ್ ತೆಗೆದಿಟ್ಟುಕೊಂಡರು. ನನ್ನನ್ನು ಬದುಕಿಸಿದ ಮನುಷ್ಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು.

ಪೆಟ್ಟಿಗೆಗಳೆಲ್ಲ ಐಸ್ ಸಮೇತ ಕೋಲ್ಡ್ ರೂಮಿನಲ್ಲಿದ್ದವು. ಮೀನು ಕೆಡದಿರಲೆಂದು ಮ್ಯಾನೇಜರೇ ಇಡಿಸಿದ್ದರು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. "ಪ್ರತಿ ಪೆಟ್ಟಿಗೆಯನ್ನೂ ನನ್ನ ಕಣ್ಣೆದುರೇ ತೂಗಿಸಿದ್ದೇನೆ" ಎಂದು ಮ್ಯಾನೇಜರು ಹೇಳಿಕೆ ಬರೆದು, ರುಜು ಹಾಕಿ, ಪೆನ್ನಿನ ಮುಚ್ಚಳ ಹಾಕುವವರೆಗೂ ಕಾದೆ.

ಆಮೇಲೆ ಕೋಲ್ಡ್ ರೂಮಿನ ಬೀಗ ತೆಗೆದು, ತೂಕದ ಯಂತ್ರ ಎಳೆದು ತಂದೆ. "ನೀವೇ ಎತ್ತಿಡಿ ಸಾರ್" ಎಂದೆ ಮ್ಯಾನೇಜರಿಗೆ. "ಐಸಿಗೆ ಏನು ತೂಕ?"

ಅವರಿಂದ ಎತ್ತಲಾಗಲಿಲ್ಲ. ಅಧಿಕಾರಿಯೇ ಒಂದು ಕೈ ಹಾಕಿದರು. ಮುಳ್ಳು ಚೀಟಿಯ ಅಂಕಿಯನ್ನು ದಾಟಿ ಎಲ್ಲೋ ಹೋಗಿ ನಿಂತಿತು. ಎರಡನೆಯದು, ಮೂರನೆಯದು. ಹತ್ತನೆಯದಕ್ಕೆ ಅಧಿಕಾರಿ "ಸಾಕು" ಎಂದರು. ನಾನು ಮಾತ್ರ ಎಲ್ಲವನ್ನೂ ತೂಗಿಸಿದೆ. ಮ್ಯಾನೇಜರ ಹಣೆಯ ಬೆವರನ್ನು ನೋಡಬೇಕಿತ್ತು ನನಗೆ.

ಲೈಸೆನ್ಸ್ ಪೈಲಟ್ಟರ ಕೈಗೆ ಮರಳಿತು. ಶೀಟಿನಲ್ಲಿ ನನ್ನ ರುಜುವೂ ಇತ್ತಲ್ಲ, ಮ್ಯಾನೇಜರ ಜೊತೆಗೇ ನನ್ನ ಕೆಲಸವೂ ಹೋಯಿತು.

ಗೇಟಿನ ಬಳಿ ಮ್ಯಾನೇಜರು ನನ್ನ ತೋಳು ಹಿಡಿದರು. "ಹೇಳಿಕೆ ಬರೆಯೋಕ್ ಮುಂಚೆ ಒಂದು ಮಾತು ಹೇಳಿದ್ರೆ ಸರಿ ಮಾಡ್ತಿದ್ನಲ್ಲಪ್ಪಾ?"

"ಗೊತ್ತಿತ್ತು ಸಾರ್. ಅದಕ್ಕೇ ಹೇಳಲಿಲ್ಲ."