ಎಡಗೈಯ ನಾಡಿ

ನಮ್ಮಕ್ಕ ಒಂದು ಕಡೆ ಕೂತವಳಲ್ಲ. ದರ್ಜಿಯಂಗಡಿ ನಡೆಸುವವಳಿಗೆ ಕೂರುವುದೇ ಕೆಲಸ. ಆದರೂ ಯಂತ್ರದಿಂದ ಇಸ್ತ್ರಿ ಮೇಜಿಗೆ, ಮೇಜಿನಿಂದ ಬಾಗಿಲಿಗೆ, ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಓಡಾಡುತ್ತಲೇ ಇರುತ್ತಾಳೆ. ಅಳತೆ ತೆಗೆಯುವುದರಲ್ಲೂ ಅದೇ ಆತುರ. ಗಿರಾಕಿಯ ಒಂದೇ ತೋಳಿಗೆ ಟೇಪು ಹಿಡಿದು ಎರಡೂ ತೋಳು ಕತ್ತರಿಸುತ್ತಾಳೆ. "ಎರಡು ಕೈನೂ ಒಬ್ಬರದೇ ಅಲ್ವಾ?" ಎನ್ನುತ್ತಾಳೆ. ನಾನು ಅವಳ ತಂಗಿ, ಅದೇ ಅಂಗಡಿಯಲ್ಲಿ ಗುಂಡಿ ಹಚ್ಚುವವಳು. ಅವಳಿಗೆ ಎದುರಾಡಿ ಒಮ್ಮೆಯೂ ಗೆದ್ದಿಲ್ಲ.

ಅವಳ ಮಗಳು ಐದನೇ ಕ್ಲಾಸು. ನಿಂತಲ್ಲಿ ನಿಲ್ಲದವಳೆಂದು 'ಇರುವೆ' ಅಂತ ಹೆಸರಿಟ್ಟದ್ದು ನಾನೇ. ಆ ಇರುವೆ ಮಂಕಾಗತೊಡಗಿದಳು. ಸಂಜೆಯಾದರೆ ಸಣ್ಣ ಜ್ವರ, ತಲೆನೋವು. ಜಡೆ ಹೆಣೆದುಕೊಳ್ಳಲು ಹೋಗಿ ಅರ್ಧಕ್ಕೇ ಕೈ ಇಳಿಸಿ, "ಎಡಗೈ ಸೋಲ್ತಿದೆ ಚಿಕ್ಕಮ್ಮ" ಎನ್ನುವಳು. ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ಬಿಪಿ ಪಟ್ಟಿಯನ್ನು ಪ್ರತಿ ಸಲವೂ ಎಡಗೈಗೇ ಸುತ್ತಿದರು. ಯಂತ್ರ ಇದ್ದದ್ದು ಆ ಬದಿಗೆ. ಬಿಪಿ ಕಡಿಮೆ, ಉಪ್ಪುನೀರು ಕುಡಿಸಿ ಎಂದರು. ಅಕ್ಕ ಲೋಟ ಹಿಡಿದು ಮಗಳ ಬೆನ್ನು ಬಿದ್ದಳು. ತಲೆನೋವು ಏರಿತೇ ಹೊರತು ಇಳಿಯಲಿಲ್ಲ. ಒಂದು ಮಧ್ಯಾಹ್ನ ಶಾಲೆಯಲ್ಲಿ ಕಣ್ಣು ಕತ್ತಲಿಟ್ಟು ಬಿದ್ದೇಬಿಟ್ಟಳು.

ದೊಡ್ಡಾಸ್ಪತ್ರೆಯ ನರ್ಸಮ್ಮ ಎಡಗೈಯ ಬಿಪಿ ನೋಡಿ, ಮಣಿಕಟ್ಟು ಒತ್ತಿ, ನಾಡಿ ಸಿಗದೆ ಹುಬ್ಬು ಗಂಟಿಕ್ಕಿ ಬಲಗೈಗೂ ಪಟ್ಟಿ ಸುತ್ತಲು ಹೋದಳು. ಅಕ್ಕನಿಗೆ ತಾಳ್ಮೆ ಎಲ್ಲಿಯದು?

"ಒಂದು ಕೈ ನೋಡಿದ್ರಲ್ಲ, ಸಾಲ್ದಾ? ಮೊದ್ಲು ಡಾಕ್ಟರನ್ನ ಕರೀರಿ."

"ಸ್ವಲ್ಪ ಸುಮ್ನಿರಮ್ಮ," ಎಂದು ನರ್ಸಮ್ಮ ಪಟ್ಟಿ ಬಿಗಿದಳು. ಬಲಗೈಯ ಬಿಪಿ ಮುದುಕರಿಗೂ ಬರಬಾರದಷ್ಟು ಏರಿತ್ತು. ಅವಳು ಡಾಕ್ಟರನ್ನು ಕರೆಯಲು ಓಡಿದಳು.

ಟಕಯಾಸು ಎಂಬ ಕಾಯಿಲೆ ಎಂದರು ಡಾಕ್ಟರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳ ಗೋಡೆ ಉರಿಯೂತದಿಂದ ದಪ್ಪಗಾಗಿ ದಾರಿ ಕಿರಿದಾಗುತ್ತದಂತೆ. ಮಕ್ಕಳಲ್ಲಿ ತೀರ ಅಪರೂಪವಂತೆ. ಎಡಗೈಗೆ ಹೋಗುವ ನಾಳ ಮುಚ್ಚಿಕೊಂಡಿತ್ತು. ಅದಕ್ಕೇ ಅಲ್ಲಿ ನಾಡಿಯೂ ಇಲ್ಲ, ಅಲ್ಲಿ ನೋಡಿದ ಬಿಪಿಯೂ ಸುಳ್ಳು. ನಿಜವಾದ ಬಿಪಿ ಇಳಿಸದಿದ್ದರೆ ಮಿದುಳಿಗೂ ಹೃದಯಕ್ಕೂ ಅಪಾಯ. "ಉಪ್ಪು ಕುಡಿಸಿದ್ನಲ್ಲೇ," ಎಂದು ಅಕ್ಕ ನನ್ನ ತೋಳು ಹಿಂಡಿದಳು. ನನಗೆ ಆ ಕ್ಲಿನಿಕ್ಕಿನವರ ಮೇಲೆ ಮೈಯೆಲ್ಲ ಉರಿಯಿತು.

ಔಷಧಿ ಶುರುವಾಯಿತು. ಅದರ ಪರಿಣಾಮಕ್ಕೆ ಇರುವೆಯ ಮುಖ ಊದಿತು, ಹಸಿವು ಹೆಚ್ಚಿತು, ಆದರೂ ಬಿಪಿ ನಿಧಾನಕ್ಕೆ ಇಳಿಯತೊಡಗಿತು. ಅಕ್ಕನಿಗೆ ಬೇಕಾದದ್ದು ಮಾತ್ರ ಎಡಗೈಯ ನಾಡಿ. ಬಿಪಿ ಹತೋಟಿಯಲ್ಲಿದ್ದರೆ ಹುಡುಗಿ ಚೆನ್ನಾಗಿರುತ್ತಾಳೆ, ಆ ನಾಡಿ ಮರಳದೆಯೂ ಇರಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಇವಳ ಕಿವಿಗೆ ಹೋದರೆ ತಾನೆ. ಮಗಳು ಉಣ್ಣುವಾಗ, ಓದುವಾಗ, ಗಿರಾಕಿಯನ್ನು ಅಲ್ಲೇ ನಿಲ್ಲಿಸಿ ಎದ್ದುಬಂದು ಎಡ ಮಣಿಕಟ್ಟು ಒತ್ತುವಳು. ಸಿಗದಿದ್ದರೆ ಬೆರಳು ಸರಿಸಿ ಮತ್ತೆ ಒತ್ತುವಳು. ಒತ್ತಿ ಒತ್ತಿ ಚರ್ಮ ಕೆಂಪಾಗಿತ್ತು. "ಬಿಡೇ, ಕೈ ಕಿತ್ತು ಬಂದೀತು," ಎಂದು ನಾನು ರೇಗಿದರೆ ನನ್ನನ್ನೇ ನುಂಗುವ ಹಾಗೆ ನೋಡುವಳು.

ಮೊನ್ನೆ ತಪಾಸಣೆಗೆ ಹೋದಾಗ ಆಸ್ಪತ್ರೆಯ ಬೆಂಚಿನಲ್ಲೂ ಅದೇ ಕಥೆ. ಒತ್ತಿದಳು, ಸರಿಸಿದಳು, ಒತ್ತಿದಳು. ಇರುವೆ ಬಹಳ ಹೊತ್ತು ತಡೆದುಕೊಂಡಳು.

"ಅಮ್ಮ, ಅದ್ರಲ್ಲಿ ಇಲ್ಲ," ಎಂದು ಮೆಲ್ಲಗೆ ಬಿಡಿಸಿಕೊಂಡು ಬಲಗೈ ಚಾಚಿದಳು. "ಇದನ್ನ ಹಿಡ್ಕೋ. ನಾನು ಇದೀನಲ್ಲ."

ಅಕ್ಕ ಹಿಡಿದಳು. ಒಳಗೆ ಕರೆದಾಗಲೂ ಬಿಡಲಿಲ್ಲ. ಅಳುತ್ತ, ಹಾಗೆಯೇ ಹಿಡಿದುಕೊಂಡು ಹೋದಳು.